ಮಗುವಿನ ಎತ್ತರಕ್ಕೆ ಬರೆದ ಕಣ್ಣು

ಕಣ್ಣು ಪೇಂಟರನ ಪ್ಯಾಂಟುಗಳೆಲ್ಲ ಮೊದಲು ಮಂಡಿಯ ಹತ್ತಿರವೇ ಹರಿಯುತ್ತಿದ್ದವು. ಬೋರ್ಡು ಬರೆಯುವ ಮಿಕ್ಕವರ ಬಟ್ಟೆ ಹಾಗೆ ಹರಿಯುವುದಿಲ್ಲ. ಅವರು ಏಣಿ ಹತ್ತುವವರು. ಇವನೂ ಹತ್ತುತ್ತಿದ್ದ. ಆದರೆ ಇಳಿದಾಗಲೆಲ್ಲ ರಸ್ತೆಯ ಮೇಲೆ ಮಂಡಿಯೂರಿ ಕೂತು, ಕತ್ತೆತ್ತಿ, ತಾನು ಬರೆದದ್ದನ್ನು ಒಂದು ಗಳಿಗೆ ನೋಡದೆ ಮತ್ತೆ ಏಣಿ ಮುಟ್ಟುತ್ತಿರಲಿಲ್ಲ. ದಾರಿಯಲ್ಲಿ ಹೋಗುವವರು ಇವನೇನು ಗೋಡೆಗೆ ಅಡ್ಡಬೀಳುತ್ತಿದ್ದಾನೋ ಎಂದು ನಗುತ್ತಿದ್ದರು. ಹೆಂಡತಿ ಹೊಲಿಗೆ ಅಂಗಡಿಯಲ್ಲಿ ಕಾಜಾ ತೆಗೆದು ಗುಂಡಿ ಹಾಕುವ ಕೆಲಸದವಳು. ಗಂಡನ ಮಂಡಿಗೆ ತೇಪೆ ಹಾಕಿ ಹಾಕಿ, ತೇಪೆಗೇ ತೇಪೆ ಹಾಕುವ ಕಾಲ ಬಂದಿತ್ತು ಅವಳಿಗೆ.

ಈ ಮಂಡಿಯೂರುವ ಅಭ್ಯಾಸ ಅವನಿಗೆ ಹತ್ತಿಸಿದ್ದು ಮಗಳು. ಅದನ್ನು ಮೊದಲು ಹೇಳಬೇಕು.

ಮಕ್ಕಳಿಗೆಂದೇ ಕುರುಕಲು ತಿಂಡಿ ಮಾಡುವ ಒಂದು ಕಂಪನಿ ಇತ್ತು. ಹಳದಿ ಪೊಟ್ಟಣ, ಅದರ ಮೇಲೊಂದು ಕರಡಿಮರಿ. ಒಳಗೆ ಗೋಲಿ ಗಾತ್ರದ ಉಬ್ಬಿದ ಸಿಹಿ ಕಾಳು. ಬಾಯಿಗೆ ಹಾಕಿದರೆ ಕರಕರ ಅಂದು ಕರಗಿಹೋಗುತ್ತದೆ; ಹೊಟ್ಟೆ ತುಂಬಿದ ಹಾಗಿರುತ್ತದೆ, ತುಂಬಿರುವುದಿಲ್ಲ. ಕಂಪನಿಯ ಕಡೆಯಿಂದ ಗೋಡೆ ಗುತ್ತಿಗೆ ಕೊಡಲು ಬರುತ್ತಿದ್ದವನು ಸುಡುಬಿಸಿಲಲ್ಲೂ ಟೈ ಬಿಚ್ಚದ ಒಬ್ಬ ಮನುಷ್ಯ. ಪೇಂಟರುಗಳೆಲ್ಲ ಅವನಿಗೆ ಟೈ ಸಾಹೇಬ ಎಂದು ಹೆಸರಿಟ್ಟಿದ್ದರು. ಅವನಿಗೆ ಎಲ್ಲ ಗೋಡೆಯೂ ಬೇಡ. ಶಾಲೆಯ ಎದುರಿನದು ಬೇಕು, ಆಟದ ಬಯಲಿನ ಪಕ್ಕದ್ದು ಬೇಕು, ಮಕ್ಕಳ ಡಾಕ್ಟರ ಬಾಗಿಲಿಗೆ ಹೋಗುವ ಓಣಿಯದು ಬೇಕು. ಚೌಕ ಚೌಕವಾಗಿ ಗೆರೆ ಎಳೆದ ಹಾಳೆಯ ಮೇಲೆ, ಕೈಯಲ್ಲಿ ಪೊಟ್ಟಣ ಹಿಡಿದ ಕರಡಿಮರಿಯ ಚಿತ್ರ ಕೊಟ್ಟು, ಇದನ್ನು ಗೋಡೆಯಷ್ಟೆತ್ತರ ದೊಡ್ಡದು ಮಾಡಿ ಬರೆ ಎನ್ನುತ್ತಿದ್ದ.

ಪೇಂಟರ್ ಮೊದಲ ಕರಡಿಯನ್ನು ಬರೆದದ್ದು ತನ್ನ ಮನೆಯ ಎದುರೇ ಇದ್ದ ಶಾಲೆಯ ಕಾಂಪೌಂಡ್ ಗೋಡೆಯ ಮೇಲೆ. ನೀಲಿ ಹಚ್ಚಿದ ದಾರ ಮಿಡಿದು ಗೆರೆ ಹೊಡೆದು, ಲೆಕ್ಕ ತಪ್ಪದಂತೆ ಚೌಕ ತುಂಬಿಸಿದ. ಕರಡಿಯೇನೋ ಹಾಳೆಯಲ್ಲಿದ್ದಂತೆಯೇ ಬಂತು. ಆದರೆ ಶಾಲೆ ಬಿಟ್ಟಾಗ ಮಕ್ಕಳು ಅದರ ಮುಂದೆಯೇ ಹಾದುಹೋದರೂ ತಿರುಗಿ ನೋಡಲಿಲ್ಲ. ಅವನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ರಜೆಯ ದಿನ ಮಗಳನ್ನು ಕರೆತಂದು ಗೋಡೆಯ ಮುಂದೆ ನಿಲ್ಲಿಸಿದ. ಆಗ ಅವಳಿಗೆ ಐದೂವರೆ ವರ್ಷ. ನಿಂತಲ್ಲಿ ನಿಲ್ಲದೆ ಗಿರಗಿರನೆ ತಿರುಗುತ್ತಿದ್ದುದರಿಂದ ಬುಗುರಿ ಎಂದೇ ಕರೆಯುತ್ತಿದ್ದರು. ಬುಗುರಿ ಒಂದು ಸುತ್ತು ತಿರುಗಿ ನಿಂತು ನೋಡಿದಳು.

"ಅಪ್ಪ, ಅದು ನಿನ್ನನ್ನ ನೋಡ್ತಿದೆ. ನನ್ನನ್ನ ನೋಡ್ತಿಲ್ಲ."

ಪೇಂಟರ್ ಅವಳ ಪಕ್ಕದಲ್ಲಿ ಮಂಡಿಯೂರಿ, ಅವಳ ಕಣ್ಣಿನ ಎತ್ತರಕ್ಕೆ ತನ್ನ ಕಣ್ಣು ಇಳಿಸಿ ನೋಡಿದ. ಹೌದು, ಕರಡಿಯ ನೋಟ ಅವರ ತಲೆಯ ಮೇಲಿಂದ ದಾಟಿ ರಸ್ತೆಯಾಚೆ ಎಲ್ಲೋ ಬೀಳುತ್ತಿತ್ತು. ಏಣಿ ಹತ್ತಿ ಕಪ್ಪು ಗುಡ್ಡೆಯನ್ನು ಒಂದು ಹೆಬ್ಬೆರಳಿನಷ್ಟು ಕೆಳಗಿಳಿಸಿದ. ಇನ್ನೂ ಇಲ್ಲ ಎಂದಳು. ಮತ್ತೆ ಇಳಿಸಿದ. ಮೂರನೆಯ ಸಲ ಬೆಳಕಿನ ಬಿಳಿ ಚುಕ್ಕಿಯ ಜಾಗ ಬದಲಿಸಿ, ಮೇಲಿನ ರೆಪ್ಪೆಯನ್ನು ಕೊಂಚ ಬಾಗಿಸಿದಾಗ, ಬುಗುರಿ ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಎರಡು ಹೆಜ್ಜೆ ಇಟ್ಟು ನೋಡಿ, ನಾಚಿಕೊಂಡು ಅಪ್ಪನ ಅಂಗಿಯಲ್ಲಿ ಮುಖ ಮುಚ್ಚಿದಳು. ಅಲ್ಲಿಗೆ ಕೆಲಸ ಮುಗಿದಂತೆ. ಒಂದು ಬಿದಿರು ಕೋಲು ತಂದು ಅವಳ ಪಕ್ಕ ನಿಲ್ಲಿಸಿ, ಅವಳ ಕಣ್ಣಿನ ನೇರಕ್ಕೆ ಚಾಕುವಿನಿಂದ ಒಂದು ಕಚ್ಚು ಹಾಕಿಕೊಂಡ. ಆಮೇಲೆ ಯಾವ ಗೋಡೆಗೆ ಹೋದರೂ ಆ ಕೋಲನ್ನು ಗೋಡೆಯಿಂದ ಮೂರು ಹೆಜ್ಜೆ ಆಚೆ ನಿಲ್ಲಿಸಿ, ಮಂಡಿಯೂರಿ, ಕಚ್ಚಿಗೆ ಕಣ್ಣು ಸರಿದೂಗಿಸಿ ನೋಡುವುದು ಅವನ ಪದ್ಧತಿಯಾಯಿತು.

ಆ ವರ್ಷ ಹಳದಿ ಪೊಟ್ಟಣ ಹೋದ ಹಾಗೆ ಇನ್ಯಾವುದೂ ಹೋಗಲಿಲ್ಲ. ಮಕ್ಕಳು ಕರಡಿಯ ಮುಂದೆ ಬಂದರೆ ಕಾಲು ನೆಲಕ್ಕೆ ಅಂಟಿದ ಹಾಗೆ ನಿಲ್ಲುವುದು, ಪಕ್ಕದಲ್ಲೇ ಇರುವ ಗೂಡಂಗಡಿಯ ಕಡೆಗೆ ಅಮ್ಮಂದಿರ ಸೆರಗು ಜಗ್ಗುವುದು. ಟೈ ಸಾಹೇಬ ಬಂದು ಬೆನ್ನು ತಟ್ಟಿ, "ಪೇಂಟರೇ, ನಿಮ್ಮ ಕರಡಿ ತಿಂಡಿ ಮಾರಲ್ಲ ಕಣ್ರೀ. ಮಕ್ಕಳನ್ನ ಹೆಸರು ಹಿಡಿದು ಕರೆಯುತ್ತೆ" ಎಂದ. ಅಂದಿನಿಂದ ಅವನು ಕಣ್ಣು ಪೇಂಟರ್. ಬೇರೆಯವರು ಕರಡಿಯ ಮೈ ಬರೆದರೂ ಕಣ್ಣಿಡುವುದಕ್ಕೆ ಇವನನ್ನೇ ಕರೆಸಬೇಕು. ತಿಂಗಳಿಗೊಂದು ಪೆಟ್ಟಿಗೆ ಪೊಟ್ಟಣ ಕಂಪನಿಯ ಉಡುಗೊರೆಯೆಂದು ಮನೆಗೆ ಬಂದು ಬೀಳುತ್ತಿತ್ತು.

ಮನೆ ಎಂದರೆ ಎರಡು ಕೋಣೆ. ಮುಂದಿನ ಕೋಣೆಯ ಕಿಟಕಿ ತೆಗೆದರೆ ಎದುರು ಗೋಡೆಯ ಕರಡಿ. ಬುಗುರಿ ಆ ಕಿಟಕಿಯ ಕಟ್ಟೆಯ ಮೇಲೆ ಕೂತು, ಕರಡಿಯ ಜೊತೆ ಮಾತಾಡುತ್ತಾ ಪೊಟ್ಟಣ ಖಾಲಿ ಮಾಡುವಳು. ಬೆಳಿಗ್ಗೆ ಒಂದು, ಶಾಲೆಗೆ ಒಂದು, ಬಂದಮೇಲೆ ಒಂದು. ಅನ್ನದ ತಟ್ಟೆ ಕಂಡರೆ ಮೂತಿ ಆ ಕಡೆ. ಸೊಪ್ಪು ಎಂದರೆ ವಾಂತಿ. ತಾಯಿ ಕಟ್ಟಿಕೊಟ್ಟ ಡಬ್ಬಿ ಹೋದ ಹಾಗೆಯೇ ಮನೆಗೆ ವಾಪಸು. ತಾಯಿ ಗದರಿದರೆ ತಂದೆ ಅಡ್ಡ. ಏನೋ ಒಂದು ಹೊಟ್ಟೆಗೆ ಬಿದ್ದರೆ ಆಯಿತಲ್ಲ ಎನ್ನುವನು. ಪೊಟ್ಟಣದಲ್ಲಿ ಶಕ್ತಿ ಇದೆ ಅಂತ ಬರೆದಿದೆ, ಗೋಡೆ ಮೇಲೆ ನಾನೇ ಬರೆದಿದ್ದೇನೆ ಎನ್ನುವನು. ಅದಕ್ಕೆ ಹೆಂಡತಿ ಬಾಯಲ್ಲಿ ಕಚ್ಚಿಕೊಂಡಿದ್ದ ದಾರ ತೆಗೆದು ಹೇಳಿದ್ದಳು:

"ಗೋಡೆ ಮೇಲೆ 'ಇಲ್ಲಿ ಮೂತ್ರ ಮಾಡಬೇಡಿ' ಅಂತಲೂ ನೀವೇ ಬರೆದಿದ್ದೀರಿ. ಯಾರು ಕೇಳಿದ್ರು?"

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆ ಮಾತನ್ನು ನಾಲ್ಕು ಜನ ಪೇಂಟರುಗಳಿಗೂ ಹೇಳಿ ನಗಿಸಿದ. ಮಾತಿನ ರುಚಿ ಹತ್ತಿತು, ತಿರುಳು ಹತ್ತಲಿಲ್ಲ.

ಹೋದ ವರ್ಷದ ಫ್ರಾಕು ಈ ವರ್ಷವೂ ಮಗಳಿಗೆ ಸರಿಯಾಗುತ್ತಿದೆ ಎಂದು ಹೆಂಡತಿ ಒಮ್ಮೆ ಹೇಳಿದಳು. ಒಳ್ಳೆಯದೇ ಆಯ್ತು, ಬಟ್ಟೆ ಉಳಿಯಿತು ಅಂದ. ಮರುವರ್ಷ ಅದೇ ಫ್ರಾಕಿನ ಅಂಚು ಬಿಚ್ಚಿ ನೋಡಿ ಮತ್ತೆ ಹಾಗೆಯೇ ಮಡಚಿ ಹೊಲಿದಳು. ಅವನ ಕೋಲಿನದೂ ಅದೇ ಕಥೆ. ಹೊಸ ಗುತ್ತಿಗೆ ಸಿಕ್ಕಾಗಲೆಲ್ಲ ಮಗಳನ್ನು ಕೋಲಿನ ಪಕ್ಕ ನಿಲ್ಲಿಸಿ ನೋಡುವನು. ಕಚ್ಚು ಅವಳ ಕಣ್ಣಿಗೆ ಸರಿಯಾಗಿಯೇ ಇರುವುದು, ಇಲ್ಲವೇ ಒಂದು ಬೆರಳಗಲ ಹೆಚ್ಚುಕಮ್ಮಿ. ಹೊಸ ಕಚ್ಚು ಹಾಕುವ ತಾಪತ್ರಯ ಇಲ್ಲವಲ್ಲ ಎಂದು ಸಂತೋಷಪಡುವನು. ಬೇರೆ ಪೇಂಟರುಗಳ ಮುಂದೆ, ನನ್ನ ಅಳತೆ ಕೆಡುವುದಿಲ್ಲ ಕಣ್ರಯ್ಯಾ ಎಂದು ಜಂಬ ಕೊಚ್ಚುವನು. ಊರಿನ ಎಲ್ಲ ಮಕ್ಕಳ ಕಣ್ಣು ಎಲ್ಲಿದೆ ಎಂದು ಬಲ್ಲವನಿಗೆ ತನ್ನ ಮಗಳ ಕಣ್ಣು ಎಲ್ಲಿ ನಿಂತುಬಿಟ್ಟಿದೆ ಎಂದು ಕಾಣಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಬುಗುರಿಗೆ ಎಂಟು ತುಂಬಿದ ಮೇಲೆ ಶಾಲೆಗೆ ಒಬ್ಬ ನರ್ಸಮ್ಮ ಬಂದಳು. ತೂಕದ ಯಂತ್ರ, ಅಳತೆ ಟೇಪು ಇಟ್ಟುಕೊಂಡು ಒಂದೊಂದೇ ತರಗತಿ ನೋಡುತ್ತಾ ಬಂದವಳು ಬುಗುರಿಯನ್ನು ಎರಡು ಸಲ ಅಳೆದಳು. ಹುಡುಗಿಯ ಕೆಳರೆಪ್ಪೆ ಎಳೆದು ನೋಡಿದಳು. ತಂದೆಯನ್ನು ಕರೆದು ತಾ ಎಂದು ಅವಳನ್ನೇ ಕಳಿಸಿದಳು. ರಸ್ತೆ ದಾಟಿದರೆ ಮನೆ. ಪೇಂಟರ್ ಕೋಲು, ಡಬ್ಬ ಹಿಡಿದು ಕೆಲಸಕ್ಕೆ ಹೊರಟಿದ್ದವನು ಹಾಗೆಯೇ ಬಂದ. ಮಗಳ ಎತ್ತರ ಬರೆದುಕೊಂಡದ್ದು ತಪ್ಪಿರಬೇಕು, ಇನ್ನೊಮ್ಮೆ ನೋಡೋಣ ಎಂದು ನರ್ಸಮ್ಮ ಟೇಪು ತೆಗೆದಾಗ, ಟೇಪು ಯಾಕೆ, ಇವಳ ಅಳತೆ ನನ್ನ ಹತ್ತಿರವೇ ಇದೆ ಎಂದು ಹೆಮ್ಮೆಯಿಂದ ಕೋಲು ಮುಂದೆ ಹಿಡಿದ. ಹುಡುಗಿ ರೂಢಿಯಂತೆ ಪಕ್ಕದಲ್ಲಿ ನಿಂತಳು. ಕಚ್ಚು ಕಣ್ಣಿಗೆ ಸರಿಯಾಗಿ ಕೂತಿತು.

"ಈ ಗುರುತು ಯಾವಾಗ ಹಾಕಿದ್ದು?" ಎಂದು ನರ್ಸಮ್ಮ ಕೇಳಿದಳು.

"ಇವಳಿಗೆ ಐದೂವರೆ ಇದ್ದಾಗ ಹಾಕಿದ್ದು ಮೇಡಂ. ಇವತ್ತಿಗೂ ಒಂದು ಕೂದಲೆಳೆ ಆಚೀಚೆ ಇಲ್ಲ."

ನರ್ಸಮ್ಮ ಕೋಲನ್ನು ನೋಡಿದಳು, ಅವನನ್ನು ನೋಡಿದಳು. "ಎಂಟು ವರ್ಷದ ಮಗು ಐದೂವರೆಯ ಗುರುತಿಗೆ ಸರಿಯಾಗಿ ನಿಲ್ಲಬಾರದು ಪೇಂಟರೇ" ಎಂದಳು. ಬೈಗುಳದ ದನಿಯಲ್ಲ, ಮೆಲ್ಲಗೆ ಹೇಳಿದಳು. ಆ ಹೊತ್ತಿಗೆ ಆ ಹಾಳು ಕೋಲು ಕೈಯಲ್ಲಿ ಕಾದ ಕಬ್ಬಿಣದ ಹಾಗಾಯಿತು ಎಂದು ಆತ ಎಷ್ಟೋ ವರ್ಷದ ಮೇಲೆ ಹೇಳಿಕೊಂಡದ್ದುಂಟು.

ಡಾಕ್ಟರ ಹತ್ತಿರ ಹೋದರು. ರಕ್ತ ನೀರಾಗಿತ್ತು. ಬುಗುರಿ ತಿರುಗುವುದನ್ನು ಬಿಟ್ಟು ಎಷ್ಟು ದಿನವಾಯಿತು ಎಂದು ಡಾಕ್ಟರು ಕೇಳಿದಾಗ ಗಂಡ ಹೆಂಡತಿಯ ಮುಖ, ಹೆಂಡತಿ ಗಂಡನ ಮುಖ ನೋಡಿದರು. ಇಬ್ಬರಿಗೂ ನೆನಪಿಲ್ಲ. ಡಾಕ್ಟರು ನೇರ ಮನುಷ್ಯ. ಪೊಟ್ಟಣ ವಿಷ ಎಂದು ಅವರು ಹೇಳಲಿಲ್ಲ. ಅದು ಹಸಿವನ್ನು ಕೊಲ್ಲುತ್ತದೆ, ಹಸಿವು ಸತ್ತ ಮಗು ಅನ್ನ ಕೇಳುವುದಿಲ್ಲ, ಬೆಳೆಯುವ ಕಾಲದಲ್ಲಿ ಮೂಳೆಗೆ ಬೇಕಾದ್ದು ಸಿಗದಿದ್ದರೆ ಮೂಳೆ ಕಾಯುತ್ತಾ ಕೂರುವುದಿಲ್ಲ ಎಂದರು. ಟಾನಿಕ್ ಬರೆದುಕೊಟ್ಟರು. ಗಂಜಿ, ಬೇಳೆ, ಸೊಪ್ಪು, ಮೊಟ್ಟೆ, ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಆರು ಸಲ. ಇನ್ನೊಂದು ವಾರದಲ್ಲಿ ತಿನ್ನುವುದಕ್ಕೆ ಶುರು ಮಾಡದಿದ್ದರೆ ಆಸ್ಪತ್ರೆಗೆ ಸೇರಿಸಿ ಮೂಗಿನಲ್ಲಿ ನಳಿಗೆ ಹಾಕಬೇಕಾಗುತ್ತದೆ ಎಂದರು.

ಮನೆಗೆ ಬಂದವನೇ ಪೇಂಟರ್ ಪೊಟ್ಟಣದ ಪೆಟ್ಟಿಗೆಯನ್ನು ಹೊತ್ತು ಕಸದ ತೊಟ್ಟಿಗೆ ಸುರಿದ. ಬುಗುರಿ ಅಳಲಿಲ್ಲ. ಕಿಟಕಿಯ ಕಟ್ಟೆ ಹತ್ತಿ ಕೂತಳು. ತಾಯಿ ಗಂಜಿ ಹಿಡಿದು ನಿಂತರೆ ಬಾಯಿ ಬಿಗಿ. ಮುದ್ದು ಮಾಡಿದರು, ಗದರಿದರು, ಒಮ್ಮೆ ತಾಯಿ ಕೈಯೆತ್ತಿ ಹೊಡೆದು ತಾನೇ ಅತ್ತಳು. ಎರಡು ದಿನದಲ್ಲಿ ನಾಲ್ಕು ಚಮಚ ಒಳಗೆ ಹೋಗಿರಬಹುದು. ಕರಡಿ ಕರೀತಿದೆ ಎನ್ನುವುದೊಂದೇ ಅವಳ ಮಾತು.

ಮೂರನೆಯ ದಿನ ಮಧ್ಯಾಹ್ನ ಪೇಂಟರ್ ಏಣಿ ತೆಗೆದುಕೊಂಡು ರಸ್ತೆ ದಾಟಿದ. ಕರಡಿಯ ಎರಡೂ ಕಣ್ಣಿನ ಮೇಲೆ ಕಂದು ಬಣ್ಣ ಎಳೆದು, ಕೆಳಗೆ ಬಿಲ್ಲಿನ ಹಾಗೆ ಎರಡು ಕಪ್ಪು ರೆಪ್ಪೆ ಬರೆದ. ಕರಡಿ ನಿದ್ದೆ ಹೋಯಿತು. ಅದು ಮಲಗಿದರೆ ಕರೆಯುವುದಿಲ್ಲ, ಕರೆಯದಿದ್ದರೆ ಮಗು ಮರೆಯುತ್ತದೆ. ಅವನ ಲೆಕ್ಕ ಅಷ್ಟೇ. ಅನ್ನದ ಪ್ರಶ್ನೆಗೂ ಅವನಿಗೆ ಗೊತ್ತಿದ್ದ ಉತ್ತರ ಬಣ್ಣ.

ಬೇರೆ ಮಕ್ಕಳ ವಿಷಯದಲ್ಲಿ ಆ ಲೆಕ್ಕ ಸರಿಹೋಯಿತು ಎಂಬುದೇ ವಿಚಿತ್ರ. ಶಾಲೆ ಬಿಟ್ಟು ಬಂದ ಮಕ್ಕಳು ಕರಡಿ ಮಲಗಿದ್ದನ್ನು ಕಂಡು ಬಾಯಿಗೆ ಬೆರಳಿಟ್ಟುಕೊಂಡು, ತುದಿಗಾಲಲ್ಲಿ ಅದರ ಮುಂದೆ ಹಾದುಹೋದರು. ಗೂಡಂಗಡಿಯ ಅಕ್ಕ, ನಿನ್ನ ಕರಡಿಯ ಜೊತೆ ನನ್ನ ವ್ಯಾಪಾರವೂ ಮಲಗಿತು ಕಣಪ್ಪ ಎಂದು ಗೊಣಗಿದಳು. ಮೂಲೆಯಲ್ಲಿ ಇಸ್ತ್ರಿ ಮಾಡುವ ಹೆಂಗಸಿಗೆ ಆರು ವರ್ಷದ ಮಗಳಿದ್ದಳು. ಆಕೆ ಮಾರನೆಯ ದಿನ ಇಸ್ತ್ರಿಪೆಟ್ಟಿಗೆ ಬಿಟ್ಟು ಎದ್ದುಬಂದು, ನನ್ನ ಮಗಳು ಇವತ್ತು ಡಬ್ಬಿ ಖಾಲಿ ಮಾಡಿದ್ದಾಳೆ, ನಿನಗೆ ಪುಣ್ಯ ಬರಲಿ ಅಣ್ಣಾ ಎಂದು ಹೇಳಿಹೋದಳು.

ಆದರೆ ಅವನ ಮನೆಯಲ್ಲಿ ಆದದ್ದೇ ಬೇರೆ. ಕರಡಿ ಮಲಗಿದ್ದನ್ನು ಕಂಡ ಬುಗುರಿ ನಾಲ್ಕು ಚಮಚವನ್ನೂ ನಿಲ್ಲಿಸಿದಳು. ಅದು ಏಳಲಿ, ಆಮೇಲೆ ತಿಂತೀನಿ ಎಂದಳು. ಒಂದು ಹಗಲು ಕಳೆಯಿತು, ಇನ್ನೊಂದು ಹಗಲು ಕಳೆಯಿತು. ಬರೀ ನೀರು. ತುಟಿ ಬಿಳಿಚಿಕೊಂಡು, ಕಿಟಕಿಯ ಸರಳು ಹಿಡಿದ ಬೆರಳು ಕಡ್ಡಿಯಂತೆ ಕಾಣತೊಡಗಿತು. ಪೇಂಟರ್ ಅವಳ ಮುಂದೆ ಮಂಡಿಯೂರಿ ಕೂತ.

"ಅದು ಬರೀ ಬಣ್ಣ ಕಣೇ ಬುಗುರಿ. ಅದಕ್ಕೆ ನಿದ್ದೆ ಇಲ್ಲ, ಎಚ್ಚರ ಇಲ್ಲ. ನಾನೇ ಬರೆದದ್ದು."

"ಗೊತ್ತು. ನೀನು ನನಗೇ ಅಂತ ಬರೆದದ್ದು."

ಇಲ್ಲ ಎನ್ನುವುದು ಹೇಗೆ? ಕಂಪನಿಗೆಂದು ಬರೆದೆ, ಬೀದಿಯ ಮಕ್ಕಳನ್ನೆಲ್ಲ ಅಂಗಡಿಗೆ ಎಳೆಯುವುದಕ್ಕೆ ಬರೆದೆ, ನಿನ್ನನ್ನು ಅದಕ್ಕೆ ಅಳತೆಗೋಲು ಮಾಡಿಕೊಂಡೆ ಎಂದು ಊಟ ಬಿಟ್ಟು ಕೂತಿರುವ ಮಗುವಿಗೆ ಯಾವ ತಂದೆ ಹೇಳುತ್ತಾನೆ? ಬುಗುರಿಯೇ ದೊಡ್ಡವರ ಹಾಗೆ ಯೋಚಿಸಿ ಒಂದು ಮಾತು ಹೇಳಿದಳು.

"ಅದರ ಕಣ್ಣು ತೆರೆಸು. ಅದು ನೋಡ್ತಿದ್ರೆ ಗಂಜಿ ಕುಡೀತೀನಿ. ಪೊಟ್ಟಣ ಬೇಡ."

ಅವನು ಎದ್ದ. ಯೋಚಿಸುತ್ತಾ ಕೂರುವ ಹೊತ್ತಾಗಿರಲಿಲ್ಲ ಅದು. ಏಣಿ ಹೊತ್ತು ರಸ್ತೆ ದಾಟುವ ಹೊತ್ತಿಗೆ ಸರಿಯಾಗಿ ಶಾಲೆ ಬಿಟ್ಟಿತು. ಮಲಗಿದ ಕರಡಿಯ ಸುದ್ದಿ ಟೈ ಸಾಹೇಬನಿಗೂ ಮುಟ್ಟಿತ್ತು. ಅವನು ಗೂಡಂಗಡಿಯ ನೆರಳಲ್ಲಿ ನಿಂತು ಬೈಯುವುದಕ್ಕೆ ಬಾಯಿ ತೆರೆದವನು, ಏಣಿ ನೋಡಿ ಬಾಯಿ ಮುಚ್ಚಿಕೊಂಡ. ಕರಡಿಯ ಕೈಯ ಪೊಟ್ಟಣ ಅಳಿಸಿ ಅಲ್ಲೊಂದು ಗಂಜಿಯ ಬಟ್ಟಲು ಬರೆಯುತ್ತೇನೆ, ದಮ್ಮಯ್ಯ ಬಿಡಿ ಎಂದು ಪೇಂಟರ್ ಅಂಗಲಾಚಿದ. ಗೋಡೆ ಕಂಪನಿಯದು, ಪೊಟ್ಟಣಕ್ಕೆ ಕೈ ಹಚ್ಚಿದರೆ ಈಗಲೇ ಬೇರೆಯವನನ್ನು ಕರೆಸಿ ಕರಡಿಯನ್ನೇ ಅಳಿಸುತ್ತೇನೆ ಎಂದ ಟೈ ಸಾಹೇಬ. ಪೇಂಟರ್ ಕಿಟಕಿಯ ಕಡೆ ತಿರುಗಿ ನೋಡಿದ. ಆಮೇಲೆ ಪೊಟ್ಟಣದ ಮಾತೆತ್ತಲಿಲ್ಲ.

ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟಾಗ ಇಸ್ತ್ರಿಯವಳು ಮಗಳ ಕೈಹಿಡಿದು ಎದುರು ಬಂದು ನಿಂತಳು. ಅವನ ಕೈಯಲ್ಲಿ ಕಪ್ಪು ಬಣ್ಣದ ಬಟ್ಟಲು ನೋಡಿದೊಡನೆ ಆಕೆಗೆ ಅರ್ಥವಾಯಿತು.

"ನಿನ್ನ ಮಗಳು ಉಣ್ಣಲಿ ಅಂತ ನಮ್ ಮಕ್ಕಳ ಊಟ ಬಿಡಿಸ್ತೀಯಾ ಅಣ್ಣಾ?"

"ಹೌದಮ್ಮಾ" ಎಂದ ಅವನು. ಆಕೆ ಜಗಳ ಕಾಯಲಿಲ್ಲ. ಮಗಳ ಮುಖವನ್ನು ತನ್ನ ಸೊಂಟಕ್ಕೆ ಒತ್ತಿ ಹಿಡಿದುಕೊಂಡು, ಗೋಡೆ ಕಾಣದ ಹಾಗೆ ತಿರುಗಿಸಿ ಕರೆದೊಯ್ದಳು.

ಅವನು ಹತ್ತಿ ಕಣ್ಣು ಬರೆದ. ಗೆರೆ ಎಲ್ಲೂ ತಪ್ಪಲಿಲ್ಲ. ಎರಡೂವರೆ ವರ್ಷದ ಅಭ್ಯಾಸ ಅಂಥದ್ದು. ಕೊನೆಯ ಬಿಳಿ ಚುಕ್ಕಿ ಇಡುತ್ತಿದ್ದಂತೆ ಕೆಳಗೆ ಮಕ್ಕಳು ಕರಡಿ ಎದ್ದಿತು ಎಂದು ಕುಣಿದರು, ಕುಣಿಯುತ್ತಲೇ ಗೂಡಂಗಡಿಗೆ ಮುತ್ತಿದರು. ರಸ್ತೆಯಾಚೆ ಕಿಟಕಿಯಲ್ಲಿ ಹೆಂಡತಿ ಬಟ್ಟಲು ಹಿಡಿದು ನಿಂತದ್ದು ಅವನಿಗೆ ಏಣಿಯ ಮೇಲಿಂದಲೇ ಕಾಣುತ್ತಿತ್ತು. ಬುಗುರಿ ಕರಡಿಯ ಮೇಲಿಟ್ಟ ಕಣ್ಣು ಕದಲಿಸದೆ ಬಾಯಿ ತೆರೆದಳು. ಒಂದು ಚಮಚ, ಎರಡು ಚಮಚ. ಬಟ್ಟಲಿನ ಅರ್ಧ ಹೋಯಿತು. ಅಷ್ಟರಲ್ಲಿ ಕೆಳಗೆ ಹಳದಿ ಪೊಟ್ಟಣದ ಒಂದು ಸರವೇ ಖಾಲಿಯಾಗಿತ್ತು.

ಬುಗುರಿ ಮಾತಿಗೆ ತಪ್ಪುವವಳಲ್ಲ. ದಿನಕ್ಕೆ ಆರು ಸಲ ಆ ಕಿಟಕಿಯಲ್ಲಿ ಕೂತು, ಕರಡಿಯನ್ನು ನೋಡುತ್ತಾ ಗಂಜಿ ಕುಡಿದಳು, ಆಮೇಲೆ ಬೇಳೆ, ಆಮೇಲೆ ಸೊಪ್ಪು. ತಿಂಗಳು ಕಳೆದಂತೆ ತುಟಿಗೆ ಬಣ್ಣ ಬಂತು. ವರ್ಷ ತುಂಬುವುದರೊಳಗೆ ಫ್ರಾಕಿನ ಅಂಚು ಬಿಚ್ಚುವ ಕೆಲಸವೂ ತಾಯಿಗೆ ಬಂತು, ಬಿಚ್ಚುತ್ತಾ ಅತ್ತಳು. ಪೇಂಟರ್ ಆ ಏಣಿ ಇಳಿದ ದಿನವೇ ಕಂಪನಿಯ ಕೆಲಸ ಬಿಟ್ಟಿದ್ದ. ಬಸ್ಸಿನ ಬೋರ್ಡು, ವಾಹನದ ನಂಬರು, ಮನೆ ಬಾಡಿಗೆಗಿದೆ, ಇಂಥವನ್ನು ಬರೆದು ದಿನ ದೂಡಿದ. ಅಕ್ಷರ ಬಿಟ್ಟರೆ ಕಣ್ಣು ಮೂಗು ಇರುವ ಯಾವುದನ್ನೂ ಬರೆಯಲಿಲ್ಲ. ಇಸ್ತ್ರಿ ಅಂಗಡಿಯ ಮುಂದೆ ಹೋಗುವುದನ್ನು ತಪ್ಪಿಸಲು ಸುತ್ತಿನ ದಾರಿ ಹಿಡಿಯುತ್ತಿದ್ದ. ಆ ಮಗು ಹೇಗಿದೆ ಎಂದು ಒಮ್ಮೆಯೂ ಯಾರನ್ನೂ ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲ.

ಬುಗುರಿಗೆ ಹದಿನೈದಾದಾಗ ಡಾಕ್ಟರು ಅವಳ ಮಣಿಕಟ್ಟಿನ ಎಕ್ಸ್-ರೇ ತೆಗೆಸಿ ನೋಡಿದರು. ಆರೋಗ್ಯಕ್ಕೆ ಏನೂ ಕೊರತೆಯಿಲ್ಲ, ಆದರೆ ಎತ್ತರ ಇನ್ನು ಇಷ್ಟೇ ಎಂದರು. ಹೋದ ವರ್ಷಗಳಲ್ಲಿ ಬೆಳೆಯಬೇಕಾದ್ದನ್ನು ಈಗ ಯಾವ ಔಷಧಿಯೂ ತಂದುಕೊಡುವುದಿಲ್ಲ. ಹುಡುಗಿ ತನ್ನ ಓರಗೆಯವರ ಭುಜಕ್ಕೆ ಬರುತ್ತಿದ್ದಳು. ಆಸ್ಪತ್ರೆಯಿಂದ ಬಸ್ಸಿನಲ್ಲಿ ಬರುವಾಗ ಅವಳೇ ಅಪ್ಪನಿಗೆ ಸಮಾಧಾನ ಹೇಳಿದಳು; ಇನ್ನು ಅರ್ಧ ಟಿಕೆಟ್ ಕೇಳಿದರೂ ಕಂಡಕ್ಟರ್ ಕೊಡುತ್ತಾನೆ ಎಂದು ನಗಿಸಲು ನೋಡಿದಳು. ಅವನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ.

ಅಷ್ಟರಲ್ಲಿ ಗೋಡೆಯ ಕರಡಿಗಳೆಲ್ಲ ಹೋಗಿದ್ದವು. ಕಂಪನಿ ಎಲ್ಲ ಕಡೆ ಪ್ಲಾಸ್ಟಿಕ್ ಹಾಳೆಯ ಮೇಲೆ ಅಚ್ಚು ಹಾಕಿಸಿದ ಕರಡಿ ತಂದು ಕಟ್ಟಿಸಿತ್ತು. ಅದರ ಒಂದು ಕಣ್ಣು ಬಸ್ ನಿಲ್ದಾಣದ ಕಡೆಗಿದ್ದರೆ ಇನ್ನೊಂದು ಆಕಾಶಕ್ಕೆ. ಯಾವ ಮಗುವನ್ನೂ ಅದು ನೋಡುವುದಿಲ್ಲ. ಆದರೂ ಗೂಡಂಗಡಿಯ ಮುಂದೆ ಸಂಜೆ ಮಕ್ಕಳ ನೂಕುನುಗ್ಗಲು ಮೊದಲಿನಷ್ಟೇ ಇತ್ತು. ಪೇಂಟರ್ ಒಂದು ದಿನ ಅದನ್ನು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದ. ಎಷ್ಟೋ ವರ್ಷದಿಂದ ಎದೆಯ ಮೇಲಿದ್ದ ಕಲ್ಲು ಒಂದಿಷ್ಟು ಸರಿದಂತಾಯಿತು ಅವನಿಗೆ. ಒಳಗೆ ಬಂದು, ಗುಂಡಿ ಹಾಕುತ್ತಾ ಕೂತಿದ್ದ ಹೆಂಡತಿಗೆ ಹೇಳಿದ.

"ನೋಡಿದೆಯಾ? ಆ ಮೆಳ್ಳೆಗಣ್ಣಿನ ಕರಡಿಗೂ ಅಷ್ಟೇ ಮಕ್ಕಳು ಬರ್ತಿದಾರೆ. ಹಾಗಾದ್ರೆ ನನ್ನ ಕೈಯಿಂದ ಅಂತ ಏನೂ ಆಗಿರ್ಲಿಲ್ಲವೇನೋ."

ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಪೋಣಿಸಿ, ಗಂಟು ಹಾಕಿ, ಆಮೇಲೆ ಹೇಳಿದಳು.

"ಊರ ಮಕ್ಕಳದು ನಂಗೆ ಗೊತ್ತಿಲ್ಲ. ನಮ್ಮನೇದಕ್ಕೆ ಕಣ್ಣು ಬರೆದದ್ದು ನೀವೇ."

ಸಿಟ್ಟಿನಿಂದ ಹೇಳಲಿಲ್ಲ. ಏಳು ವರ್ಷ ಒಳಗಿಟ್ಟುಕೊಂಡ ಮಾತಿನಲ್ಲಿ ಸಿಟ್ಟು ಉಳಿದಿರುವುದಿಲ್ಲ. ಅವನು ಹೂಂ ಎಂದ. ಒಳಕೋಣೆಯಲ್ಲಿ ಬುಗುರಿ ಮೇಲಿನ ಹಲಗೆಯ ಪಾತ್ರೆ ಎಟುಕದೆ ಸ್ಟೂಲು ಎಳೆಯುವ ಸದ್ದಾಯಿತು. ಪೇಂಟರ್ ಎದ್ದು ಹೋಗಿ ಪಾತ್ರೆ ಇಳಿಸಿಕೊಟ್ಟ.